ಹಳ್ಳದಂಚಿನ ಜೋಳ

ಕೋಡಿಹಳ್ಳಿ ಕಡೆಯ ಹೊಲಗಳಲ್ಲಿ ಮುಸುಕಿನ ಜೋಳ ಮೊಣಕಾಲುದ್ದ ಬರುವ ಹೊತ್ತಿಗೆ ಎಲೆ ತಿನ್ನುವ ಸೈನಿಕ ಹುಳು ಗಿಡದ ಸುಳಿಗೆ ಇಳಿದಿತ್ತು. ಊರಿಗೆಲ್ಲ ಒಟ್ಟಿಗೆ ಡ್ರೋನ್‌ನಿಂದ ಔಷಧಿ ಹೊಡೆಸುವುದೆಂದು ತೀರ್ಮಾನವಾಯಿತು. ಹಳ್ಳದ ಅಂಚನ್ನು ಮಾತ್ರ ಬಿಡಬೇಕು. ಮಳೆಗೆ ವಿಷ ತೊಳೆದು ಹಳ್ಳ ಸೇರಿದರೆ ಅದು ಹೋಗುವುದು ಕಾವೇರಿಗೆ. ಅಲ್ಲಿ ಅಳಿದುಳಿದ ಮಹಶೀರ್ ಮೀನುಗಳಿವೆ. ಇದನ್ನು ರೈತರಿಗೆ ಒಪ್ಪಿಸುವ ಕೆಲಸ, ಊರಿನವರಿಗೆ ಬೆಳೆಯ ಸಲಹೆ ಕೊಡುವ ಕೃಷಿ ಸಖಿ ರಮ್ಯಾಳ ಪಾಲಿಗೆ ಬಂತು.

ಉಳಿದವರು ಗೊಣಗುತ್ತಲೇ ಹೂಂ ಅಂದರು. ಬೋರಲಿಂಗಯ್ಯ ಒಪ್ಪಲಿಲ್ಲ. ಅವರ ಹೊಲದ ಅರ್ಧ ಹಳ್ಳಕ್ಕೇ ಒರಗಿತ್ತು.

"ಮೀನು ಬದುಕ್ಲಿ ಅಂತ ನನ್ ಜೋಳನ ಹುಳಕ್ಕೆ ಬುಡ್ಲೇನವ್ವ?"

ಬೆಳಗಿನಿಂದ ಮನೆಮನೆಗೂ ಇದನ್ನೇ ಹೇಳಿ ರಮ್ಯಾಳ ಗಂಟಲು ಒಣಗಿತ್ತು.

"ಸುಳಿಗೆ ಮರಳು ಸುಣ್ಣ ಬೆರೆಸಿ ಹಾಕಾನ ಕಣಣ್ಣ. ಹುಳ ಒಸಿ ಕಮ್ಮಿ ಆಯ್ತದೆ. ನಾನೂ ಬತ್ತೀನಿ," ಎಂದುಬಿಟ್ಟಳು. ಅಂದಮೇಲೆ ಹೋಗಲೇಬೇಕಾಯಿತು.

ಬೋರಲಿಂಗಯ್ಯ, ಅವರ ಹೆಂಡತಿ ಶಿವಲಿಂಗಮ್ಮ, ರಮ್ಯಾ, ಮೂವರೂ ಸಾಲು ಹಿಡಿದು ಬಗ್ಗಿದರು. ಗರಿ ಕೊಯ್ದ ಬೆರಳಿಗೆ ಸುಣ್ಣ ತಾಕಿ ಚುರುಗುಟ್ಟಿತು. ಅತ್ತ ಮೇಲಿನ ಹೊಲಗಳಲ್ಲಿ ಡ್ರೋನ್ ಗುಂಯ್‌ಗುಡುತ್ತ ಅರೆಗಳಿಗೆಯಲ್ಲಿ ಕೆಲಸ ಮುಗಿಸಿ ಹೋಯಿತು. ರಮ್ಯಾ ಸೊಂಟ ನೆಟ್ಟಗೆ ಮಾಡಿಕೊಂಡು ಅದನ್ನೇ ನೋಡಿದಳು.

"ಆ ಮೀನ ನೀನ್ ಕಂಡಿದ್ಯಾ?" ಶಿವಲಿಂಗಮ್ಮ ಕೇಳಿದರು.

"ಇಲ್ಲ ಕಣಕ್ಕ, ಫೋಟೋದಾಗೆ ಅಷ್ಟೆ."

"ನಾನ್ ಕಂಡಿವ್ನಿ. ಚಿಕ್ಕೋಳಿದ್ದಾಗ ಸಂಗಮದ ತಾವ. ನನ್ನಷ್ಟುದ್ದ ಇತ್ತು. ನೀರೊಳಗೆ ಸುಮ್ಕೆ ನಿಂತಿತ್ತು, ಹೆದರ್ಕೊಂಡು ಓಡ್ಬಂದೆ."

ಬೋರಲಿಂಗಯ್ಯ ಮರಳಿನ ಬಾಂಡಲಿ ಎತ್ತಿಕೊಂಡು ಮುಂದಿನ ಸಾಲಿಗೆ ಹೋದರು.

ಮಳೆ ಬಂತು, ಹಳ್ಳ ಹರಿಯಿತು. ಕೆಳಗೆ ಹೊಳೆಯಲ್ಲಿ ಮೀನಿಗೆ ಒಳ್ಳೆಯದಾಯಿತೋ ಇಲ್ಲವೋ, ಬಂದು ಹೇಳಿದವರಿಲ್ಲ. ಕಟಾವಿನಲ್ಲಿ ಹಳ್ಳದ ಕಡೆಯ ತೆನೆಗಳು ಅರ್ಧಕ್ಕರ್ಧ ಕಾಳಿಲ್ಲದೆ ಬೊಕ್ಕು. ಆ ತೆನೆಗಳನ್ನು ಬೋರಲಿಂಗಯ್ಯ ಹಸುಗಳ ಮುಂದೆ ಸುರಿಯುತ್ತಿದ್ದಾಗ ರಮ್ಯಾ ಹೋಗಿ ನಿಂತಳು. ಬೈಸಿಕೊಳ್ಳಲೆಂದೇ ಹೋಗಿದ್ದಳು.

"ಮುಂದ್ಲ ಸಲ ಅಂಚಿಗೆ ಜೋಳ ಬ್ಯಾಡ. ಹುರುಳಿ ಚೆಲ್ತೀನಿ, ಅದಕ್ಕೆ ಔಸ್ದಿ ಬ್ಯಾಡ," ಎಂದರು ಅವರು, ಅವಳ ಮುಖ ನೋಡದೆ. "ನೀನೂ ಸುಣ್ಣ ಹಾಕಾಕೆ ಬರಬ್ಯಾಡ ಕಣವ್ವ, ಅವತ್ತೇ ಸುಸ್ತಾಗಿದ್ದೆ."

ಶಿವಲಿಂಗಮ್ಮ ಮಜ್ಜಿಗೆ ತಂದುಕೊಟ್ಟರು. ರಮ್ಯಾ ಜಗುಲಿಯ ಮೇಲೆ ಕೂತು ಕುಡಿದಳು.