ಮುಕ್ತಿನಾಥದಲ್ಲಿ ಬೇಯದ ಮುದ್ದೆ

ತೊಂಡೇಬಾವಿ ಕೋನಪ್ಪನ ಜಂಬ ನೀವು ನೋಡ್ಬೇಕು! ಮದುವೆ ಮನೆ ಅಡುಗೆಯವನು. ಯಾತ್ರೆ ಹೊರಟವರಿಗೂ ಅವನೇ ಬೇಯಿಸಿ ಹಾಕ್ತಾನೆ. ದೇಶ ಬಿಟ್ಟು ಹೋಗಿದ್ದು ಮಾತ್ರ ಹೋದ ವರ್ಷವೇ ಮೊದಲು, ನಮ್ಮ ಜೊತೆ ನೇಪಾಳದ ಮುಕ್ತಿನಾಥಕ್ಕೆ. ಒಂದು ಕಂಕುಳಲ್ಲಿ ರಾಗಿಹಿಟ್ಟಿನ ಚೀಲ, ಇನ್ನೊಂದರಲ್ಲಿ ಅವರಪ್ಪನ ಕಾಲದ ಮುದ್ದೆ ಕೋಲು. ಆ ಕೋಲನ್ನ ಬೇರೆಯವರು ಮುಟ್ಟೋ ಹಾಗಿಲ್ಲ.

"ನನ್ನ ಹೆಂಡ್ತೀನೇ ಮುಟ್ಟಲ್ಲ, ತಿಳ್ಕೋಮ್ಮ" ಅಂತ ನನ್ನನ್ನೇ ಗದರಿದ್ದ. ಚಿಂತಾಮಣಿಯವಳು ನಾನು, ಬಿಡ್ತೀನಾ? "ನೀನೇ ಇಟ್ಕೊಂಡು ಪೂಜೆ ಮಾಡಪ್ಪ" ಅಂದೆ.

ದಾರೀಲಿ ತಟ್ಟೆಗೆ ಮುದ್ದೆ ಹಾಕ್ತಾ "ಇಷ್ಟು ದೂರ ಯಾಕ್ ಬಂದ್ರಿ?" ಅಂತ ಒಬ್ಬೊಬ್ಬರನ್ನೂ ಕೇಳೋದು ಅವನ ಚಾಳಿ. ನಿವೃತ್ತ ಮೇಷ್ಟ್ರು ಅನಂತರಾಮಯ್ಯ, "ಭೂಪಟದಲ್ಲಿ ಹಿಮಾಲಯ ತೋರಿಸಿ ತೋರಿಸಿ ಸಾಕಾಗಿತ್ತು" ಅಂದ್ರು. ಶಿಡ್ಲಘಟ್ಟದ ಲಕ್ಷ್ಮೀನರಸಮ್ಮಜ್ಜಿ, "ರೇಷ್ಮೆ ಹುಳ ಬಿಟ್ಟು ಎಲ್ಲೂ ಹೋದವಳಲ್ಲ ಕಣಪ್ಪ. ಒಂದು ದೇವರನ್ನಾದ್ರೂ ದೂರ ಹೋಗಿ ನೋಡ್ಬೇಕು ಅನ್ನಿಸ್ತು" ಅಂದ್ರು.

ಜೀಪಿನ ಕುಲುಕಾಟಕ್ಕೆ, ಮುಕ್ತಿನಾಥದ ಊರು ಸೇರೋ ಹೊತ್ತಿಗೆ ಅಜ್ಜಿಗೆ ಅನ್ನ ಕಂಡ್ರೆ ವಾಕರಿಕೆ. ಟೂರಿನ ಉಸ್ತುವಾರಿ ನರೇಂದ್ರ ಕಡ್ಡಿ ಮುರಿದ ಹಾಗೆ ಹೇಳಿದ: "ಮಧ್ಯಾಹ್ನ ಊಟ ಮಾಡಿದ್ರೆ ದೇವಸ್ಥಾನ ಹತ್ತಿಸ್ತೀನಿ. ಇಲ್ದಿದ್ರೆ ವಾಪಸ್ ಕೆಳಗಿಳಿಸ್ತೀನಿ ಅಜ್ಜಿ."

ಬಾಗಿಲವರೆಗೂ ಬಂದು ದೇವರನ್ನ ನೋಡ್ದೆ ಹೋಗೋದಾ? ಅಜ್ಜಿ ಅತ್ತೇಬಿಟ್ರು. "ಮುದ್ದೆ ಇದ್ರೆ ಗಂಟಲಲ್ಲಿ ಇಳಿಯತ್ತೆ ಕಣೋ ಕೋನಪ್ಪ."

"ಅದೆಷ್ಟರ ಕೆಲಸ!" ಅಂದ ಕೋನಪ್ಪ ಲಾಡ್ಜಿನ ಅಡುಗೆಮನೆಗೆ ನುಗ್ಗಿದ. ಎಸರು ಕುದೀತು. ಹಿಟ್ಟನ್ನ ಗುಡ್ಡೆಯಾಗಿ ಸುರಿದ, ನಡುವೆ ಕೋಲು ನೆಟ್ಟು ಬೇಯೋಕೆ ಬಿಟ್ಟ, ತಿರುವಿದ. ಥೂ, ಒಳಗೆಲ್ಲ ಹಸಿ ಹಿಟ್ಟು! ಮತ್ತೆ ಮಾಡಿದ, ಮತ್ತೆ ಗಂಟೋ ಗಂಟು. ಅಷ್ಟೆತ್ತರದಲ್ಲಿ ನೀರು ಬೇಗ ಕುದಿಯತ್ತೆ, ಆದ್ರೆ ಕಾವು ಸಾಲಲ್ಲ ಅಂತ ನಮಗೇನು ಗೊತ್ತು? ಕೋನಪ್ಪನ ಮುಖ ನೋಡಿ ನನಗೂ ಛೇಡಿಸೋ ಮನಸ್ಸಾಗಲಿಲ್ಲ.

ಲಾಡ್ಜ್ ನಡೆಸೋ ಹೆಂಗಸು ನಮ್ಮ ಹಿಟ್ಟನ್ನ ಬೆರಳಲ್ಲಿ ಉಜ್ಜಿ, ಮೂಸಿ ನೋಡಿ, ಕೋಲಿಗೆ ಕೈ ಚಾಚಿದಳು. ಅಯ್ಯೋ, ಆಯ್ತಲ್ಲಪ್ಪ ಜಗಳ ಅಂದ್ಕೊಂಡೆ. ಕೋನಪ್ಪ ಅಜ್ಜಿ ಕಡೆ ನೋಡಿದ. ಕೋಲು ಕೊಟ್ಟುಬಿಟ್ಟ.

ಆಕೆ ಹಿಟ್ಟನ್ನ ಹಿಡಿ ಹಿಡಿಯಾಗಿ ಉದುರಿಸ್ತಾ, ಮೊದಲು ಗಂಜಿ ಹಾಗೆ, ಆಮೇಲೆ ಗಟ್ಟಿಯಾಗಿ, ಕೈ ಬಿಡದೆ ತಿರುವಿದಳು. ಆಕೆಗೆ ಸುಸ್ತಾದಾಗ ಇವನು ತಿರುವಿದ. ಕೊನೆಗೆ ಮುದ್ದೆ ಘಮ್ಮಂತು.

ಅಜ್ಜಿ ಒಂದು ತುತ್ತು ಮುರಿದು ಸಾರಲ್ಲಿ ಅದ್ದಿ ನುಂಗಿದ್ರು. ಇನ್ನೊಂದು ನುಂಗಿದ್ರು. "ಚಾಲಾ ಬಾಗುಂದಿ!" ಅಂದ್ರು, ಬಲು ಚೆನ್ನಾಗಿದೆ ಅಂತ. ಖುಷಿಯಾದ್ರೆ ನಮ್ಮ ಕಡೆಯವರ ಬಾಯಿಗೆ ತೆಲುಗೇ ಬರೋದು.

ಲಾಡ್ಜಿನಾಕೆ ಹಿಂದಿಯಲ್ಲಿ ಏನೋ ಅಂದಳು. ನರೇಂದ್ರ ನಮಗೆ ಬಿಡಿಸಿ ಹೇಳಿದ: "ಇವರ ಮನೇಲೂ ರಾಗಿಯೇ ಅಂತೆ. ಯಾತ್ರೆಯವರು ನಗ್ತಾರೆ ಅಂತ ಅವರಿಗೆ ಅನ್ನ ಬಡಿಸಿ, ಇವರು ಒಳಗೆ ಕೂತು ಇದನ್ನ ಉಣ್ತಾರಂತೆ."

ಅಜ್ಜಿಯ ಕೈ ತಟ್ಟೆಯಲ್ಲೇ ನಿಂತಿತು. "ನಾನೂ ಅಷ್ಟೇ ಕಣಮ್ಮ. ನೆಂಟರು ಬಂದ್ರೆ ಮುದ್ದೆ ಮುಚ್ಚಿಟ್ಟು ಅನ್ನಕ್ಕಿಡ್ತಿದ್ದೆ" ಅಂದ್ರು. ಆಮೇಲೆ ಪಕ್ಕಕ್ಕೆ ಸರಿದು ಬೆಂಚು ತಟ್ಟಿದ್ರು. "ಬಾ, ತಟ್ಟೆ ತಗೊಂಡು ಬಾ."

ಆಕೆ ತಟ್ಟೆ ತಂದು ಎಲ್ಲರ ಎದುರಿಗೇ ಕೂತಳು. ಕೋನಪ್ಪ ಬಡಿಸಿದ.

ಸಂಜೆ ಬಿಸಿಲು ಇರುವಾಗಲೇ ಅಜ್ಜಿ ದೇವರ ಮುಂದೆ ನಿಂತಿದ್ರು. ಕೋನಪ್ಪ ತೊಂಡೇಬಾವಿಗೆ ಬರಿಗೈಲಿ ಬಂದ. ಕೋಲೆಲ್ಲೋ ಅಂದ್ರೆ, ಅದೇ ಜಂಬದಲ್ಲಿ ಹೇಳ್ತಾನೆ:

"ನಮ್ಮಕ್ಕನ ಮನೇಲಿದೆ ಕಣಮ್ಮ, ನೇಪಾಳದಲ್ಲಿ."