ಕೇಕಿನ ಮೇಲೆ ಹಿಡಿಯದ ಮಾತು

ನನ್ನ ಭಾವನ ಕೈಬರಹ ಊರಿನ ಅರ್ಧ ಜನರ ಹೊಟ್ಟೆ ಸೇರಿದೆ. ಮೂವತ್ತೊಂದು ವರ್ಷದಿಂದ ತಮ್ಮದೇ ಬೇಕರಿಯಲ್ಲಿ ಕೇಕಿನ ಮೇಲೆ ಬರೆಯುವುದೇ ಅವರ ಕೆಲಸ. ಬಟರ್ ಪೇಪರನ್ನು ಕಡಲೆಕಾಯಿ ಪೊಟ್ಟಣದಂತೆ ಸುತ್ತಿ, ಕ್ರೀಮ್ ತುಂಬಿ, ತುದಿ ಕತ್ತರಿಸಿ, ಉಸಿರು ಬಿಗಿಹಿಡಿದು ಬರೆಯುತ್ತಾರೆ. ತಪ್ಪಿದರೆ ಚಾಕುವಿನಿಂದ ಸವರಿ ಮತ್ತೆ ಬರೆಯುತ್ತಾರೆ. ಜನ ಅವರನ್ನು ಕ್ರೀಮ್ ಮಾಸ್ತರು ಎನ್ನುತ್ತಾರೆ. ನಾನು ಅವರ ತೀರಿಹೋದ ಹೆಂಡತಿಯ ತಂಗಿ. ಅಂಗಡಿಯಲ್ಲಿ ಕೌಂಟರೂ ಜಗಳವೂ ನನ್ನ ಪಾಲು.

ಬರೆಸಲು ಬರುವವರಿಗೆ ಮಾತೇ ತೋಚುವುದಿಲ್ಲ. ಹೆಂಡತಿಗೆ ಏನು ಬರೆಸಲಿ ಎಂದು ತಲೆ ಕೆರೆದುಕೊಳ್ಳುವ ಗಂಡಂದಿರೇ ಹೆಚ್ಚು. ಅವರಿಗೆಲ್ಲ ಭಾವ ಹೇಳಿಕೊಡುತ್ತಾರೆ. ಇಪ್ಪತ್ತು ವರ್ಷ ಸಂಸಾರ ಮಾಡಿದ ಲೈನ್‌ಮನ್ ಒಬ್ಬ 'ನೀನಿದ್ದರೆ ಮನೆ' ಎಂದು ಬರೆಸಿಕೊಂಡು ಹೋದ. ಮೂರನೆಯ ದಿನ ಬಂದು, ಅವಳು ಕತ್ತರಿಸಲು ಬಿಡದೆ ಕೇಕಿಗೆಲ್ಲ ಇರುವೆ ಹತ್ತಿತು ಎಂದು ದೂರಿದ. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವುದರಲ್ಲಿ, ನಗಿಸುವುದರಲ್ಲಿ ಅವರದು ಎತ್ತಿದ ಕೈ. ಆ ನಗುವೇ ಅವರ ಮನೆ ಮುರಿಯಿತು ಎನ್ನುವವಳು ನಾನು.

ಅಕ್ಕ ಹೋದ ನಾಲ್ಕನೆಯ ದಿನವೇ ಭಾವ ಅಂಗಡಿ ತೆರೆದರು. ಹೇಗಿದ್ದೀರಿ ಎಂದು ಕೇಳಿದವರಿಗೆಲ್ಲ 'ಫಸ್ಟ್ ಕ್ಲಾಸ್' ಎಂದರು. ಅಪ್ಪ ಒಬ್ಬರೇ ಕೂತು ಅಳುತ್ತಿರಬಹುದು, ಜೊತೆಗೆ ಕೂರೋಣ ಎಂದು ಮಗಳು ಅಂಗಡಿಗೆ ಹುಡುಕಿಕೊಂಡು ಬಂದಳು. ಬಾಗಿಲಲ್ಲೇ ಅವಳಿಗೆ ಕೇಳಿಸಿದ್ದು ಗಿರಾಕಿಯ ಜೊತೆ ಅಪ್ಪನ ಗಹಗಹ ನಗು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನನ್ನ ಮುಖಕ್ಕೆ ಹೇಳಿ ಹೊರಟುಹೋದಳು. ಆಮೇಲೆ ನಾಲ್ಕು ವರ್ಷ ಅಪ್ಪನ ಹೊಸ್ತಿಲು ತುಳಿಯಲಿಲ್ಲ. ಅವಳ ಮನೆ ಇರುವುದು ಮೂರೇ ಬೀದಿಯಾಚೆ.

ಅವಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಭಾವ ಖಾಲಿ ತಟ್ಟೆಯ ಮೇಲೆ, ತಾವು ಅಕ್ಕನನ್ನು ಕರೆಯುತ್ತಿದ್ದ ಅಡ್ಡಹೆಸರನ್ನು ಕ್ರೀಮಿನಲ್ಲಿ ಬರೆಯುವರು, ಒರೆಸುವರು, ಮತ್ತೆ ಬರೆಯುವರು. ಮಗಳಿಗೆ ಹೇಳುತ್ತೇನೆಂದರೆ, ಆ ಮಗು ಯಾಕೆ ನೋಯಬೇಕು ಎಂದು ನನ್ನ ಬಾಯಿಗೆ ಬೀಗ ಹಾಕಿದರು. ನಾನೂ ಹಾಕಿಸಿಕೊಂಡೆ. ತಪ್ಪು ನನ್ನದೂ ಇದೆ. ನನಗೂ ಅಕ್ಕ ಬೇಕಾಗಿತ್ತು. ಅವಳು ಹೋದ ಮೇಲೆ ಅವಳ ಮಾತಾಡಲಾದರೂ ಯಾರಾದರೂ ಬೇಕಾಗಿತ್ತು. ಇದ್ದದ್ದು ನಾವು ಮೂವರು, ಮೂವರದೂ ಮೂರು ದಿಕ್ಕು.

ಪ್ರತಿ ವರ್ಷ ಮಗಳ ಹುಟ್ಟುಹಬ್ಬಕ್ಕೆ ಭಾವ 'ನಗುನಗುತ್ತಾ ಬಾಳು' ಎಂದು ಕೇಕು ಬರೆದು ನನ್ನ ಕೈಲಿ ಕಳಿಸುತ್ತಿದ್ದರು. ಅವಳು ಬಾಗಿಲಲ್ಲೇ ತೆಗೆದುಕೊಂಡು, ಅಪ್ಪ ಹೇಗಿದ್ದಾರೆ ಎಂದು ಕೇಳುತ್ತಿದ್ದಳು. ಚೆನ್ನಾಗಿದ್ದಾರೆ ಎನ್ನುತ್ತಿದ್ದೆ. ಅವಳ ಮುಖ ಸಣ್ಣದಾಗುತ್ತಿತ್ತು. ಈ ವರ್ಷ ಆ ದಿನ ಬೆಳಗ್ಗೆಯೇ ಫೋನ್ ಮಾಡಿ, ಇನ್ನು ಮೇಲೆ ಕೇಕು ತರಬೇಡಿ ಚಿಕ್ಕಮ್ಮ ಎಂದಳು. ಉಳಿದಿದ್ದ ಒಂದೇ ಎಳೆ, ಅದೂ ಕಡಿಯಿತು.

ನಾನು ಅದನ್ನು ಹೇಳಿದರೆ ಭಾವ ಸರಿ ಬಿಡು ಎಂದು ನಕ್ಕರು. ನನಗೆ ರೇಗಿಹೋಯಿತು.

"ಇನ್ನೂ ಯಾರ ಮುಂದೆ ಹಲ್ಲು ಕಿರೀತಿದ್ದೀರಿ ಭಾವ? ಇಲ್ಲಿ ಗಿರಾಕಿ ಯಾರೂ ಇಲ್ಲ, ನಾನೊಬ್ಬಳೇ ಇರೋದು."

ಭಾವ ಬಿಳಿ ಕೇಕೊಂದನ್ನು ಎಳೆದುಕೊಂಡು 'ನಿಮ್ಮಮ್ಮ' ಎಂದು ಶುರುಮಾಡಿದರು. ಸವರಿದರು. ಮತ್ತೆ ಬರೆದರು. ಈ ಸಲ ಸಾಲು ಉದ್ದವಾಗಿ ಅಂಚಿನಿಂದ ಕೆಳಗಿಳಿಯಿತು. ಮೂರನೆಯ ಸಲಕ್ಕೆ ಕೇಕಿನ ಮುಖವೆಲ್ಲ ಬಣ್ಣ ಕಲಸಿ ರಾಡಿಯಾಗಿತ್ತು. ಊರಿಗೆಲ್ಲ ಮಾತು ಹೇಳಿಕೊಟ್ಟ ಮನುಷ್ಯ ತನ್ನದೊಂದು ಸಾಲು ಹಿಡಿಸಲಾರದೆ ಪೊಟ್ಟಣ ಕೆಳಗಿಟ್ಟು, ಏಪ್ರನ್ನೂ ಬಿಚ್ಚದೆ ಹೊರಗೆ ನಡೆದರು. ನಾನು ಶಟರ್ ಎಳೆದು ಹಿಂದೆಯೇ ಓಡಿದೆ.

ಮಗಳ ಮನೆ ಮೊದಲ ಮಹಡಿಯಲ್ಲಿದೆ. ಅವಳು ಬಾಗಿಲು ತೆಗೆದಾಗ ಭಾವನಿಗೆ ಮೊದಲು ಬಂದದ್ದು ಅದೇ ಹಾಳು ನಗು. ಅದು ಅರ್ಧಕ್ಕೇ ನಿಂತಿತು. ಗೋಡೆ ಹಿಡಿದುಕೊಂಡರು.

"ಮನೇಲಿ ಕೂತ್ರೆ ನಿಮ್ಮಮ್ಮ ಇಲ್ಲ ಅನ್ನೋದು ನಿಜ ಆಗ್ಬಿಡುತ್ತೆ ಅಂತ ಅಂಗಡಿಗೆ ಓಡಿದೆ. ನಗ್ತಾ ಇದ್ರೆ ಹೇಗೋ ದಿನ ಹೋಗುತ್ತೆ ಅಂದ್ಕೊಂಡೆ. ನಾನು ಚೆನ್ನಾಗಿಲ್ಲ ಕಣಮ್ಮ. ಒಂದು ದಿನಾನೂ ಚೆನ್ನಾಗಿರ್ಲಿಲ್ಲ."

ಅವಳು ಬಾಗಿಲ ಚಿಲಕ ಹಿಡಿದೇ ನಿಂತಿದ್ದಳು. ಒಳಗೆ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

"ಅಮ್ಮನಿಗೆ ಅಂತ ಅಳೋಳು ಈ ಪ್ರಪಂಚದಲ್ಲಿ ನಾನೊಬ್ಬಳೇ ಅಂದ್ಕೊಂಡಿದ್ದೆ ಅಪ್ಪ. ನಾಲ್ಕು ವರ್ಷ."

ಭಾವ ಮೆಟ್ಟಿಲ ಮೇಲೆ ಕುಸಿದು ಕೂತರು. ಹೆಣ್ಣುಮಕ್ಕಳೂ ನಾಚುವ ಹಾಗೆ ದನಿ ತೆಗೆದು ಅತ್ತರು. ಕೆಳಗಿನ ಮನೆಯವರು ಇಣುಕಿ ನೋಡಿದರು. ನೋಡಲಿ ಎಂದುಕೊಂಡೆ. ಅವಳು ಒಂದು ಮೆಟ್ಟಿಲು ಬಿಟ್ಟು ಕೂತಳು. ಅಕ್ಕನ ಮಾತು ಬಂತು. ಅವಳ ಸಿಟ್ಟು, ಅವಳ ಗೊರಕೆ, ಎಲ್ಲವೂ ಬಂತು. ಮಧ್ಯಾಹ್ನದ ಬಿಸಿಲು ಮೆಟ್ಟಿಲಿನಿಂದ ಇಳಿದುಹೋಗುವವರೆಗೆ ಮೂವರೂ ಅಲ್ಲೇ ಇದ್ದೆವು.

ಹೊರಡುವಾಗ ಭಾವ ಕಣ್ಣೊರೆಸಿಕೊಂಡು, ನಾಳೆ ಬರುವಾಗ ಏನು ತರಲಿ ಎಂದು ಕೇಳಿದರು.

"ಏನೂ ಬೇಡ," ಎಂದಳು ಮಗಳು. "ಬರಿಗೈಲಿ ಬಾ."