ಶ್ರಾದ್ಧದ ವಡೆ ತಿಂದವಳು

ಇಂದು ಅಮೆರಿಕದ ಫುಲ್‌ಶೀರ್‌ ಊರಿನ ನಮ್ಮ ಮನೆಯಲ್ಲಿ ಅಜ್ಜಿಯ ಶ್ರಾದ್ಧ. ವಡೆ ಕರಿಯುವ ವಾಸನೆ ಬಂದೊಡನೆ ನಾನು ಎದ್ದು ಹಿತ್ತಲಿಗೆ ಬಂದೆ.

ಚಿಕ್ಕವಳಿದ್ದಾಗ ಧಾರವಾಡದಲ್ಲಿ ಅಜ್ಜನ ಶ್ರಾದ್ಧದ ದಿನ, ಪಿತೃಗಳಿಗೆ ಎಡೆ ಇಡುವ ಮೊದಲೇ ನಾನೊಂದು ವಡೆ ಕದ್ದು ತಿಂದಿದ್ದೆ. ಮಾಳಿಗೆಯ ಮೇಲಿಟ್ಟ ಪಿಂಡಕ್ಕೆ ಕಾಗೆ ಬರಲಿಲ್ಲ. ದೊಡ್ಡವರೆಲ್ಲ ಹಸಿದು ಕಾಯುತ್ತಿದ್ದರು. ಒದ್ದೆ ಸೀರೆಯಲ್ಲಿ ನಿಂತ ಅಜ್ಜಿ ಖಾಲಿ ಆಕಾಶಕ್ಕೆ ಕೈಮುಗಿದಳು. "ನನ್ನಿಂದ ಏನ್ ತಪ್ಪಾತ್ರಿ? ಸಿಟ್ಟಾಗಬ್ಯಾಡ್ರಿ, ಬರ್ರಿ." ಅಜ್ಜ ಬಂದು ನನ್ನ ಹೆಸರು ಹೇಳಿಬಿಟ್ಟರೆ ಎಂದು ಹೆದರಿ, ಎಣ್ಣೆಯ ಬೆರಳುಗಳನ್ನು ಲಂಗಕ್ಕೆ ಒರೆಸುತ್ತಲೇ ಇದ್ದೆ. ಕಾಗೆ ಬರಲೇ ಇಲ್ಲ. ತಪ್ಪು ತನ್ನದೆಂದೇ ಅಜ್ಜಿ ಕೊನೆತನಕ ನಂಬಿದ್ದಳು.

ಈಗ ಅಪ್ಪ ಹಿತ್ತಲಲ್ಲಿ ಅವಳಿಗೆ ಪಿಂಡ ಇಟ್ಟು ಕಾಯುತ್ತಿದ್ದಾರೆ.

"ಯಾಕೋ ಕಾಗಿ ಬರವಲ್ದು," ಎಂದರು.

ನಾನು ಮೆಲ್ಲಗೆ ಹೇಳಿದೆ, "ಅಜ್ಜಿ, ಅವತ್ತು ವಡೆ ತಿಂದಾಕಿ ನಾನ."

ಹಿತ್ತಲಿಗೆ ಇನ್ನೂ ಯಾರೂ ಬಂದಿಲ್ಲ.